ಕಸಿನ್ ಅಂದರೆ ಏನಾಗಬೇಕು?

"ಮಿಸ್, ನಮ್ಮಣ್ಣ ನಮ್ಮಣ್ಣ ಅಲ್ಲ ಅಂತ ಇಂಗ್ಲೀಷಲ್ಲಿ ಹೆಂಗೆ ಹೇಳೋದು?"

ಕಳೆದ ವಾರ ಒಂದು ಬೆಳಗ್ಗೆ ನಮ್ಮ ಗೇಟಿನ ಹತ್ತಿರ ನಿಂತವನೊಬ್ಬ ಕೇಳಿದ ಪ್ರಶ್ನೆ ಇದು. ತಲೆ ನುಣ್ಣಗೆ ಬೋಳಿಸಿತ್ತು. ಕೊರಳಲ್ಲಿ ಏರ್‌ಪೋರ್ಟಿನ ಪಾಸು ನೇತಾಡುತ್ತಿತ್ತು. ನಾನು ಬಾಗಿಲ ಮುಂದೆ ರಂಗೋಲಿ ಹಾಕುತ್ತಾ ಕೂತಿದ್ದೆ. ಪ್ರಶ್ನೆ ಕೇಳಿದ ಮೇಲೆ ಎಳೆ ಎಲ್ಲಿಗೆ ಹೋಗಬೇಕಿತ್ತೋ ಮರೆತೇಹೋಯಿತು.

ಹತ್ತಿರ ಬಂದ ಮೇಲೆ ಗುರುತು ಸಿಕ್ಕಿತು. ನಾಗೇಶ. ದೇವನಹಳ್ಳಿಯ ಹೈಸ್ಕೂಲಿನಲ್ಲಿ ನನ್ನ ಕೈಕೆಳಗೆ ಇಂಗ್ಲಿಷ್ ಕಲಿತವನು. ಈಗ ಮೂವತ್ತು ದಾಟಿದೆ. (ನಾನು ರಿಟೈರ್ ಆಗಿ ಕೆಲವು ವರ್ಷಗಳೇ ಆದವು. ಆದರೂ ಇಂಗ್ಲಿಷಿನಲ್ಲಿ ಏನಾದರೂ ಎಡವಟ್ಟಾದರೆ ಊರಿನವರಿಗೆ ಈಗಲೂ ನಮ್ಮ ಮನೆಯೇ ಪೊಲೀಸ್ ಸ್ಟೇಷನ್ನು.)

ಒಳಗೆ ಕೂರಿಸಿ ಕಾಫಿ ಕೊಟ್ಟೆ. ಮುಟ್ಟಲಿಲ್ಲ. ತಲೆ ನೋಡಿದರೆ ವಿಷಯ ಗೊತ್ತಾಗುತ್ತದಲ್ಲ, "ಯಾರೋ ಹೋಗಿದ್ದು?" ಎಂದೆ.

"ನಮ್ಮಣ್ಣ ಮಿಸ್. ಮುನಿರಾಜಣ್ಣ."

ಮುನಿರಾಜು ನನಗೆ ಚೆನ್ನಾಗಿ ಗೊತ್ತು. ನಾಗೇಶ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಸ್ಕೂಲಿಗೆ ಬರುತ್ತಿದ್ದಾಗ ಆ ಸೈಕಲ್ ತುಳಿಯುತ್ತಿದ್ದವನು ಅವನೇ. ಪೋಷಕರ ಸಭೆಗೆ ಬರುತ್ತಿದ್ದವನೂ ಅವನೇ. ಹಿಂದಿನ ಬೆಂಚಿನಲ್ಲಿ ಕೂತಿದ್ದು, ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ಇವನ ತಲೇಗೆ ಇಂಗ್ಲೀಷ್ ಒಂದು ತುಂಬ್ಬಿಡಿ ಮಿಸ್, ಮಿಕ್ಕಿದ್ದು ನಾನು ನೋಡ್ಕೋತೀನಿ" ಎನ್ನುತ್ತಿದ್ದ. ಸಂಕ್ರಾಂತಿ ಹತ್ತಿರ ಬಂದರೆ ಚೀಲದಲ್ಲಿ ಚಕ್ಕೋತ ಹಣ್ಣು ತಂದು ಸ್ಟಾಫ್ ರೂಮಿನ ಬಾಗಿಲಲ್ಲಿಟ್ಟು ಹೇಳದೆ ಕೇಳದೆ ಹೋಗಿಬಿಡುತ್ತಿದ್ದ. ನಲವತ್ತು ದಾಟಿತ್ತು, ಅಷ್ಟೇ. ತೋಟದಲ್ಲಿ ಮೋಟರ್ ಆನ್ ಮಾಡಲು ಹೋದವನು ಎದೆ ಹಿಡಿದುಕೊಂಡು ಅಲ್ಲೇ ಕೂತನಂತೆ. ಮತ್ತೆ ಏಳಲಿಲ್ಲವಂತೆ.

ಮದುವೆಯಾಗಿರಲಿಲ್ಲ. (ಹೊಲ ಉಳುವ ಗಂಡಿಗೆ ಈಗ ಹೆಣ್ಣು ಕೊಡುವವರು ಯಾರು? ಅದೇ ಒಂದು ಬೇರೆ ಅಂಕಣ.) ಹೆಂಡತಿ ಮಕ್ಕಳಿಲ್ಲದವನಿಗೆ ಕರ್ಮ ಮಾಡಬೇಕಾದವನು ತಮ್ಮ. ಹಾಗಾಗಿ ಬೆಂಕಿ ಮಡಕೆ ಹಿಡಿದು ಮುಂದೆ ನಡೆದವನು ನಾಗೇಶ. ಮೊದಲ ಹಿಡಿ ಮಣ್ಣು ಹಾಕಿದವನು ನಾಗೇಶ. ತಲೆ ಬೋಳಿಸಿಕೊಂಡು ಹನ್ನೊಂದನೇ ದಿನದ ತಿಥಿಯವರೆಗೆ ಒಂದೇ ಹೊತ್ತು ಉಂಡು ಚಾಪೆ ಮೇಲೆ ಮಲಗಿದವನೂ ನಾಗೇಶನೇ.

"ಸರಿ, ಅಣ್ಣ ಅಣ್ಣ ಅಲ್ಲ ಅಂದ್ರೆ ಏನೋ ಅರ್ಥ?" ಎಂದೆ.

ಆಗ ಅವನು ಮೊದಲಿನಿಂದ ಎಲ್ಲವನ್ನೂ ಹೇಳಿದ.

ನಾಗೇಶನ ಕೆಲಸ ಏರ್‌ಪೋರ್ಟಿನ ಕಾರ್ಗೋದಲ್ಲಿ, ಒಂದು ಕಂಪನಿಯ ಕೆಳಗೆ. (ಹೆಸರು ಬೇಡ. ಅವನಿನ್ನೂ ಅಲ್ಲಿಯೇ ದುಡಿಯಬೇಕು.) ಅಣ್ಣ ಹೋದ ದಿನ ಸೂಪರ್‌ವೈಸರಿಗೆ ಫೋನ್ ಮಾಡಿ, "ಮೈ ಬ್ರದರ್ ಎಕ್ಸ್‌ಪೈರ್ಡ್ ಸರ್" ಎಂದಿದ್ದಾನೆ. ಆ ಕಡೆಯಿಂದ, "ಓನ್ ಬ್ರದರಾ?" ಎಂದು ಕೇಳಿದ್ದಾರೆ. ಹೆಣದ ಮುಂದೆ ನಿಂತಿದ್ದವನು ಇನ್ನೇನು ಹೇಳುತ್ತಾನೆ? "ಹೂಂ ಸಾರ್, ಓನೇ" ಎಂದಿದ್ದಾನೆ.

ಓನ್ ಬ್ರದರ್ ಎಂದರೆ ಏನು ಸ್ವಾಮಿ? ಸ್ವಂತ ಮನೆ ಉಂಟು, ಬಾಡಿಗೆ ಮನೆ ಉಂಟು. ಬಾಡಿಗೆ ಅಣ್ಣ ಎಂದು ಯಾರಾದರೂ ಇರುತ್ತಾರೆಯೆ?

ಕಂಪನಿಯ ರೂಲ್ಸ್ ಪ್ರಕಾರ ಅಪ್ಪ, ಅಮ್ಮ, ಹೆಂಡತಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ ಸತ್ತರೆ ಬೇರೆಯೇ ಒಂದು ರಜೆ ಉಂಟಂತೆ. ಮಿಕ್ಕವರು ಸತ್ತರೆ ಇಲ್ಲವಂತೆ. ತಿಥಿ ಮುಗಿಸಿ ಡ್ಯೂಟಿಗೆ ಹೋದವನನ್ನು ಆಫೀಸಿನವರು ಪ್ರೂಫ್ ಕೇಳಿದ್ದಾರೆ. ಇವನು ಮೊಬೈಲಿನಲ್ಲಿದ್ದ ಒಂದು ಫೋಟೋ ಕಳಿಸಿದ್ದಾನೆ. ಯಾವುದರದ್ದು ಗೊತ್ತೆ? ಊರ ಬಾಗಿಲಲ್ಲಿ ಕಟ್ಟಿದ್ದ ಫ್ಲೆಕ್ಸಿನದು.

ನಮ್ಮ ಕಡೆ ಫ್ಲೆಕ್ಸ್ ಇಲ್ಲದೆ ಯಾರೂ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಮುನಿರಾಜು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಯಾವುದೋ ಮದುವೆಯಲ್ಲಿ ನಿಂತಿದ್ದ ಫೋಟೋ. ಮೇಲೆ ಭಾವಪೂರ್ಣ ಶ್ರದ್ಧಾಂಜಲಿ. ಕೆಳಗೆ ದಪ್ಪ ಅಕ್ಷರದಲ್ಲಿ, ಮುನಿರಾಜು ಬಿನ್ ಲೇಟ್ ದೊಡ್ಡಮುನಿಯಪ್ಪ. ಅದರ ಕೆಳಗೆ, ದುಃಖತಪ್ತ ತಮ್ಮ ನಾಗೇಶ.

ಆಫೀಸಿನವರು ಫ್ಲೆಕ್ಸ್ ಓದಿದರು. ನಾಗೇಶನ ಫೈಲು ತೆಗೆದರು. ಅದರಲ್ಲಿ ತಂದೆಯ ಹೆಸರು ಚಿಕ್ಕಮುನಿಯಪ್ಪ ಎಂದಿತ್ತು.

ಒಬ್ಬನ ಅಪ್ಪ ದೊಡ್ಡಮುನಿಯಪ್ಪ, ಇನ್ನೊಬ್ಬನ ಅಪ್ಪ ಚಿಕ್ಕಮುನಿಯಪ್ಪ. ನಮ್ಮ ತಾಲ್ಲೂಕಿನಲ್ಲಿ ಹುಟ್ಟಿದ ಯಾರನ್ನೇ ಕೇಳಿ, ಇವರಿಬ್ಬರು ಅಣ್ಣತಮ್ಮಂದಿರು, ಮನೆದೇವರ ಹೆಸರನ್ನು ಇಬ್ಬರಿಗೂ ಇಟ್ಟು ಅಜ್ಜಿ ಅಳತೆ ಸೇರಿಸಿದ್ದಾಳೆ ಎಂದು ಥಟ್ಟನೆ ಹೇಳುತ್ತಾರೆ. ಹೆಡ್ ಆಫೀಸಿನ ಕಂಪ್ಯೂಟರಿಗೆ ಕಂಡದ್ದು ಮಾತ್ರ ಬೇರೆ. ತಂದೆ ಬೇರೆ ಬೇರೆ. ಆದ್ದರಿಂದ ಬ್ರದರ್ ಅಲ್ಲ. ಆದ್ದರಿಂದ ನಾಗೇಶ ಸುಳ್ಳ.

"ಅಲ್ಲ ಕಣೋ, ಮುನಿರಾಜು ನಿನ್ನ ಒಡಹುಟ್ಟಿದೋನಲ್ವಾ?" ಎಂದು ನಾನೇ ಬಾಯಿ ಬಿಟ್ಟೆ. ಹೈಸ್ಕೂಲಿನ ಅಷ್ಟೂ ವರ್ಷ ಇಬ್ಬರನ್ನೂ ನೋಡಿದವಳು ನಾನು. ಒಂದು ದಿನವಾದರೂ ಆ ಅನುಮಾನ ಬಂದಿರಲಿಲ್ಲ.

"ದೊಡ್ಡಪ್ಪನ ಮಗ ಮಿಸ್," ಎಂದ. ಅದು ತನಗೂ ಈಚೆಗೆ ಯಾರೋ ತಿಳಿಸಿದ ಸಂಗತಿ ಎನ್ನುವ ಹಾಗಿತ್ತು ಅವನ ದನಿ.

ಆಫೀಸಿನವರು ದಾರಿಯನ್ನೂ ತೋರಿಸಿದ್ದರು. ಕೆಟ್ಟವರಲ್ಲ ಪಾಪ. ಮೀಟಿಂಗಿಗೆ ಬಂದು, ಅವರು ನನ್ನ ಬ್ರದರ್ ಅಲ್ಲ, ಕಸಿನ್, ನಾನು ತಪ್ಪಾಗಿ ಹೇಳಿದೆ ಎಂದು ಒಂದು ಮಾತು ಹೇಳಿಬಿಡು. ಆ ರಜೆಯನ್ನು ನಿನ್ನದೇ ಲೀವಿನಲ್ಲಿ ಹಿಡಿದುಕೊಂಡು ಮುಗಿಸೋಣ. ಹೇಳುವುದಿಲ್ಲವೋ, ಆಗ ಸುಳ್ಳು ಮಾಹಿತಿ ಕೊಟ್ಟ ಕೇಸು. ಸುಳ್ಳು ಹೇಳಿದವನಿಗೆ ಏರ್‌ಪೋರ್ಟಿನ ಒಳಗೆ ಹೋಗುವ ಪಾಸು ಕೊಡಲಾಗದು. ಪಾಸಿಲ್ಲ ಎಂದರೆ ಕೆಲಸವೂ ಇಲ್ಲ.

"ಅಷ್ಟೇ ತಾನೆ? ಕಸಿನ್ ಅಂತ ಹೇಳ್ಬಿಡೋ. ದೊಡ್ಡಪ್ಪನ ಮಗನಿಗೆ ಇಂಗ್ಲೀಷಲ್ಲಿ ಕಸಿನ್ನೇ ಅನ್ನೋದು," ಎಂದೆ.

ಅವನು ನನ್ನ ಮುಖವನ್ನೇ ನೋಡಿದ.

"ನೀವೂ ಹಂಗೇ ಅಂತೀರಾ ಮಿಸ್? ಗುಂಡಿ ಮೇಲಿನ ಮಣ್ಣು ಇನ್ನೂ ಒಣಗಿಲ್ಲ. ಈ ಕೈಯಲ್ಲಿ ಬೆಂಕಿ ಹಿಡ್ಕೊಂಡು ಹೋದೋನು, ಈ ಬಾಯಲ್ಲಿ ಅವನು ನಮ್ಮಣ್ಣ ಅಲ್ಲ ಅನ್ಲಾ? ಹಂಗಲ್ದೆ ಇನ್ಯಾವ ಥರನಾದ್ರೂ ಹೇಳೋಕಾಗುತ್ತಾ ಅಂತ ಕೇಳಕ್ಕೆ ಬಂದೆ. ನಿಮಗೆ ಇಂಗ್ಲೀಷ್ ಚೆನ್ನಾಗಿ ಬರುತ್ತಲ್ಲ."

ಬರುತ್ತದೆಯೆ? ನಾನೂ ಹಾಗೆಯೇ ಅಂದುಕೊಂಡಿದ್ದೆ.

ಈ ಕಸಿನ್ ಎನ್ನುವ ಪದವನ್ನು ಒಮ್ಮೆ ಕೂತು ಯೋಚಿಸಿ ನೋಡಿ. ದೊಡ್ಡಪ್ಪನ ಮಗ ಕಸಿನ್. ಚಿಕ್ಕಮ್ಮನ ಮಗಳು ಕಸಿನ್. ಸೋದರಮಾವನ ಮಗನೂ ಕಸಿನ್, ಸೋದರತ್ತೆಯ ಮಗಳೂ ಕಸಿನ್. ಗಂಡೋ ಹೆಣ್ಣೋ, ದೊಡ್ಡವರೋ ಚಿಕ್ಕವರೋ, ತಾಯಿ ಕಡೆಯೋ ತಂದೆ ಕಡೆಯೋ, ಒಂದೂ ಗೊತ್ತಾಗುವುದಿಲ್ಲ. ಆಲೂಗಡ್ಡೆ, ಈರುಳ್ಳಿ, ಬೆಲ್ಲ, ಸೀಗೇಕಾಯಿ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು ಬಾಯಿ ಕಟ್ಟಿಕೊಟ್ಟ ಹಾಗೆ.

ನಮ್ಮಲ್ಲಿ ಹೀಗಿದೆಯೆ? ಚಿಕ್ಕಪ್ಪನ ಮಗ ಎಂದರೆ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ತರಬೇಕಾದವನು. ಅಣ್ಣ. ಸೋದರಮಾವನ ಮಗ ಎಂದರೆ ಹುಡುಗಿ ನೆರೆದಾಗಿನಿಂದ "ನಿನ್ನ ಗಂಡ ಬಂದ ನೋಡೇ" ಎಂದು ಅಜ್ಜಿಯರು ಕೀಟಲೆ ಮಾಡುವವನು. ಬಾಗಿನ ತರುವವನಿಗೂ ತಾಳಿ ಕಟ್ಟುವವನಿಗೂ ಒಂದೇ ಪದವೆ? ನಮ್ಮ ಅಜ್ಜಿಗೆ ಇದನ್ನು ವಿವರಿಸಿ ಹೇಳಿದ್ದರೆ ಎರಡೂ ಕಿವಿ ಮುಚ್ಚಿಕೊಂಡು ದೇವರ ಕೋಣೆಗೆ ಹೋಗಿಬಿಡುತ್ತಿದ್ದರು.

ಕನ್ನಡದಲ್ಲಿ ಇದಕ್ಕೆ ಪದ ಇಲ್ಲವೆ ಎಂದು ಕೇಳಬೇಡಿ. ಪೇಪರಿನವರು 'ಸೋದರಸಂಬಂಧಿ' ಎಂದು ಬರೆಯುತ್ತಾರೆ. ನೀವು ಯಾವತ್ತಾದರೂ ಯಾರನ್ನಾದರೂ ಹಾಗೆ ಕರೆದಿದ್ದೀರಾ? "ಏ ಸೋದರಸಂಬಂಧಿ, ಮುದ್ದೆ ಆರಿಹೋಗುತ್ತೆ ಬಾರೋ" ಎಂದು ಯಾವ ಮನೆಯಲ್ಲಾದರೂ ಕೂಗಿದ್ದನ್ನು ಕೇಳಿದ್ದೀರಾ?

ನಮ್ಮ ಮಕ್ಕಳು ತಾವೇ ಒಂದು ಉಪಾಯ ಕಂಡುಕೊಂಡಿದ್ದರು. ಕಸಿನ್ ಬ್ರದರ್, ಕಸಿನ್ ಸಿಸ್ಟರ್. ಅಲ್ಲಿಯ ಮಾತೂ ಉಳಿಯಿತು, ಇಲ್ಲಿಯ ಮಾನವೂ ಉಳಿಯಿತು. ಆದರೆ ವ್ಯಾಕರಣದ ಪ್ರಕಾರ ಅದು ತಪ್ಪು. ಕಸಿನ್ ಎಂದ ಮೇಲೆ ಬ್ರದರ್ ಬರಕೂಡದು. ಪರೀಕ್ಷೆಯ ಪೇಪರಿನಲ್ಲಿ ಹಾಗೆ ಬರೆದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಇವತ್ತು ಬರೆದರೂ ಎಳೆಯುತ್ತೇನೆ. ಇಂಗ್ಲಿಷಿನ ಮನೆಗೆ ಹೋದ ಮೇಲೆ ಅವರು ಹಾಕಿದ ಮಣೆಯ ಮೇಲೆಯೇ ಕೂರಬೇಕು. ನನ್ನ ತಕರಾರು ಅದಲ್ಲ. ಅವರ ಮಣೆಯ ಮೇಲೆ ಕೂತದ್ದಕ್ಕೆ ನಮ್ಮ ಮನೆಯ ಹೆಣ ಹೊತ್ತವನನ್ನು ಸುಳ್ಳ ಎನ್ನಬಹುದೆ?

ಏರ್‌ಪೋರ್ಟ್ ಬಂದ ಮೇಲೆ ನಮ್ಮ ಕಡೆಯ ಹಳ್ಳಿಗಳಿಗೆ ಇಂಗ್ಲಿಷ್ ಬೇಲಿ ಹಾರಿ ಬಂತು. ಶಿಫ್ಟು, ಪಿಕಪ್ಪು, ಡ್ರಾಪು, ಪಾಸು. ಯಾರಿಗೂ ತೊಂದರೆ ಆಗಲಿಲ್ಲ. ತರಕಾರಿ ಗಾಡಿಯ ಹುಡುಗನಿಗೆ ನಾನು 'ಅಮ್ಮ' ಆಗಿದ್ದವಳು ಈಗ 'ಆಂಟಿ' ಆಗಿದ್ದೇನೆ. ಸೊಪ್ಪು ಚೆನ್ನಾಗಿದ್ದರೆ ಸಾಕು ಎಂದು ನಾನೂ ಸುಮ್ಮನಿದ್ದೆ. ಈ ಪದಗಳು ಮನೆಯೊಳಗೆ ಬಂದು, ನೀನು ಇವನಿಗೆ ಏನೂ ಅಲ್ಲ ಎಂದು ತೀರ್ಪು ಕೊಡುತ್ತವೆ ಎಂದು ಯಾರು ಕಂಡಿದ್ದರು?

"ನಡಿ, ನಾನೂ ಬರ್ತೀನಿ," ಎಂದೆ ನಾಗೇಶನಿಗೆ. ನನಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದಾಗ ನನ್ನ ಇಂಗ್ಲಿಷ್ ಬಹಳ ಚೆನ್ನಾಗಿರುತ್ತದೆ.

ಮಾರನೆಯ ದಿನ ಬಸ್ ಸ್ಟಾಪಿನಲ್ಲಿ ನೋಡಿದರೆ ಅವನ ಜೊತೆ ಇನ್ನೊಬ್ಬರು ನಿಂತಿದ್ದರು. ಮುನಿರಾಜುವಿನ ತಾಯಿ ಪಿಳ್ಳಮ್ಮ. ನಾಗೇಶನಿಗೆ ದೊಡ್ಡಮ್ಮ. ಮನೆಯಲ್ಲಿ ಮಾತು ಕಿವಿಗೆ ಬಿದ್ದು, ನಾನೇ ಬಂದು ಹೇಳುತ್ತೇನೆ ಎಂದು ಹೊರಟುನಿಂತರಂತೆ. ಬೇಡ ಎಂದರೂ ಕೇಳಲಿಲ್ಲವಂತೆ.

"ಟೀಚರಮ್ಮ, ಹೆತ್ತೋಳೇ ಹೋಗಿ ಹೇಳಿದ್ರೆ ನಂಬಲ್ವಾ ಅವರು?" ಎಂದು ಕೇಳಿದರು. ಯಾಕೆ ನಂಬುವುದಿಲ್ಲ, ಖಂಡಿತ ನಂಬುತ್ತಾರೆ ಎಂದೆ. ನನಗೂ ಹಾಗೆಯೇ ಅನ್ನಿಸಿತ್ತು.

ಏರ್‌ಪೋರ್ಟ್ ರಸ್ತೆಯ ಗಾಜಿನ ಕಟ್ಟಡ. ಎಚ್‌ಆರ್ ಕೋಣೆಯಲ್ಲಿ ಪವಿತ್ರಾ ಎನ್ನುವ ಹುಡುಗಿ ಇದ್ದಳು. ಇಪ್ಪತ್ತೈದರ ಆಸುಪಾಸು. ಎದ್ದುನಿಂತು ಪಿಳ್ಳಮ್ಮನಿಗೆ ಕುರ್ಚಿ ಕೊಟ್ಟಳು, ನೀರು ತಂದಿಟ್ಟಳು. ಹೊಸಕೋಟೆ ತಾಲ್ಲೂಕಿನವಳು, ಅನುಗೊಂಡನಹಳ್ಳಿ ಕಡೆಯ ಹುಡುಗಿ. ಅಬ್ಬ, ಬಚಾವ್ ಎಂದುಕೊಂಡೆ.

"ಅಲ್ಲಮ್ಮ, ನಿನಗೆ ಗೊತ್ತಿಲ್ವಾ? ದೊಡ್ಡಪ್ಪನ ಮಗ ಅಂದ್ರೆ ಅಣ್ಣ ಅಲ್ವಾ?" ಎಂದೆ.

"ಗೊತ್ತು ಮೇಡಂ. ನಮ್ಮನೇಲೂ ಹಂಗೇ. ನಮ್ಮ ದೊಡ್ಡಪ್ಪನ ಮಗನೇ ನಂಗೆ ಬಾಗಿನ ತರೋದು."

"ಮತ್ತೆ?"

"ಸಿಸ್ಟಮಲ್ಲಿ ಆಪ್ಷನ್ ಇಲ್ಲ ಮೇಡಂ."

ನೋಡಿ ಹೇಗಿದೆ. ಇಷ್ಟು ತಲೆಮಾರು ನಮ್ಮ ಮನೆಗಳ ಹಜಾರದಲ್ಲಿ ಕೂತು ಎಲೆಅಡಿಕೆ ಹಾಕಿದ ದೊಡ್ಡಪ್ಪನಿಗೆ ಈಗ ಆಪ್ಷನ್ ಇಲ್ಲ.

ಪವಿತ್ರಾ ಲ್ಯಾಪ್‌ಟಾಪ್ ತಿರುಗಿಸಿ ಹೆಡ್ ಆಫೀಸಿನ ಸಾಹೇಬರಿಗೆ ವಿಡಿಯೋ ಕಾಲ್ ಹಾಕಿದಳು. ಅವರಿರುವುದು ಬೇರೆ ಯಾವುದೋ ರಾಜ್ಯದಲ್ಲಿ. ಅವರ ಕ್ಯಾಮೆರಾ ಆಫ್ ಇತ್ತು, ನಮ್ಮದು ಆನ್. ನಾವು ಅವರಿಗೆ ಕಾಣುತ್ತೇವೆ, ಅವರು ನಮಗೆ ಕಾಣುವುದಿಲ್ಲ. ದೇವರ ಜೊತೆ ಮಾತಾಡುವುದಕ್ಕೆ ಇರುವ ಏರ್ಪಾಡೂ ಇದೇ ತಾನೆ.

ಧ್ವನಿ ಮರ್ಯಾದೆಯಿಂದಲೇ ಇತ್ತು. ಮೊದಲ ಪ್ರಶ್ನೆ, "ಹೂ ಈಸ್ ದಿಸ್ ಲೇಡಿ?" ಕೇಳಿದ್ದು ಪಿಳ್ಳಮ್ಮನನ್ನು ಕಂಡು.

ನಾಗೇಶ ಬಾಯಿಗೆ ಬಂದ ನಿಜವನ್ನೇ ಹೇಳಿದ. "ಮೈ ಮದರ್ ಸರ್."

ಆ ಕಡೆ ಕೀಬೋರ್ಡ್ ಕುಟ್ಟಿದ ಸದ್ದು. ಇವರ ಹೆಸರೇನು? ಪಿಳ್ಳಮ್ಮ. ಆದರೆ ರೆಕಾರ್ಡಿನಲ್ಲಿ ತಾಯಿಯ ಹೆಸರು ಲಕ್ಷ್ಮಮ್ಮ ಎಂದಿದೆಯಲ್ಲ?

"ಅದು ಹೆತ್ತಮ್ಮ ಸಾರ್. ಇದು ದೊಡ್ಡಮ್ಮ. ಐ ಮೀನ್, ಬಿಗ್ ಮದರ್."

"ಹೌ ಮೆನಿ ಮದರ್ಸ್ ಡು ಯು ಹ್ಯಾವ್?" ಎಂದಿತು ಧ್ವನಿ. ಗೇಲಿ ಇರಲಿಲ್ಲ ಅದರಲ್ಲಿ. ನಿಜವಾಗಿಯೂ ತಿಳಿದುಕೊಳ್ಳುವ ಕುತೂಹಲ ಇತ್ತು.

"ಟೂ ಸರ್," ಎಂದ ನಾಗೇಶ.

ಬಂದದ್ದು ಒಂದು ಸುಳ್ಳಿನ ಆರೋಪ ತೊಳೆದುಕೊಳ್ಳುವುದಕ್ಕೆ. ಕೂತು ಐದು ನಿಮಿಷವಾಗಿಲ್ಲ, ಎರಡು ಸುಳ್ಳಾಗಿತ್ತು. ಈ ಹುಡುಗ ಕನ್ನಡದಲ್ಲಿ ಎಷ್ಟು ನಿಜ ಹೇಳುತ್ತಾನೋ ಇಂಗ್ಲಿಷಿನಲ್ಲಿ ಅಷ್ಟೂ ಸುಳ್ಳಾಗುತ್ತಾ ಹೋಗುತ್ತಿತ್ತು.

ತನ್ನ ಹೆಸರು ಕೇಳಿಸಿದ್ದರಿಂದ ಪಿಳ್ಳಮ್ಮ ಎದ್ದುನಿಂತು ಲ್ಯಾಪ್‌ಟಾಪಿಗೆ ಕೈಮುಗಿದರು.

"ಸಾಮಿ, ಮುನಿರಾಜು ನನ್ನ ಹೊಟ್ಟೇಲಿ ಹುಟ್ಟಿದ. ಇವನನ್ನ ನಮ್ಮ ಲಕ್ಷ್ಮಿ ಹೆತ್ಲು. ಒಂದೇ ಒಲೇಲಿ ಬೇಯಿಸಿದ್ದು ಇಬ್ರಿಗೂ ಇಕ್ಕಿದೀನಿ. ಇವನು ಕರ್ಕೊಂಡು ಬಂದ ಅಂತ ಹೇಳ್ತಿಲ್ಲ, ಇಬ್ರೂ ನನ್ನ ಮಕ್ಳೇ. ಅವರಿಬ್ರೂ ಅಣ್ಣ ತಮ್ಮ ಅಲ್ಲ ಅಂದ್ರೆ ನಾನೇನು ಹೇಳ್ಲಿ?"

ಧ್ವನಿ ತಾಳ್ಮೆಯಿಂದ ಕಾಯಿತು. ಆಮೇಲೆ, ಏನು ಹೇಳಿದರು ಎಂದು ಪವಿತ್ರಾಳನ್ನು ಕೇಳಿತು.

ಪವಿತ್ರಾ ತಲೆ ತಗ್ಗಿಸಿದಳು. "ಷಿ ಸೇಸ್ ದೇ ಆರ್ ಕಸಿನ್ಸ್ ಸರ್."

ಅಷ್ಟೂ ಮಾತಿಗೆ ಆದ ಅನುವಾದ ಇದು. ಅದರಲ್ಲಿ ತಪ್ಪೂ ಇರಲಿಲ್ಲ. ನಾನು ಅನುವಾದ ಮಾಡಿದ್ದರೂ ಆ ಹುಡುಗಿಗಿಂತ ಬೇರೆ ಏನು ಹೇಳುತ್ತಿದ್ದೆ?

ಆದರೂ ಸುಮ್ಮನಿರಲಾಗಲಿಲ್ಲ. ಕುರ್ಚಿ ಮುಂದಕ್ಕೆಳೆದುಕೊಂಡು ಶುರುಮಾಡಿದೆ. ಇಷ್ಟು ವರ್ಷ ಸೇರಿಸಿಟ್ಟುಕೊಂಡಿದ್ದ ಇಂಗ್ಲಿಷನ್ನೆಲ್ಲ ಹೊರಗೆ ತೆಗೆದೆ. ನಮ್ಮಲ್ಲಿ ತಂದೆಯ ಅಣ್ಣ ಎಂದರೆ ದೊಡ್ಡ ತಂದೆ, ಅವನ ಮಗ ಅಣ್ಣ, ಆ ಮನೆಯ ಸಾವಿನ ಸೂತಕ ಈ ಮನೆಗೂ ಅಷ್ಟೇ, ಇವನೇ ಕರ್ಮ ಮಾಡಿದವನು, ಬೇಕಾದರೆ ಇವನ ತಲೆ ನೋಡಿ, ಎಂದೆಲ್ಲ ಹೇಳಿದೆ. ಒಂದು ಕಡೆಯೂ ತಡವರಿಸಲಿಲ್ಲ. ಕ್ಲಾಸಿನಲ್ಲಿಯೂ ನಾನು ಅಷ್ಟು ಚೆನ್ನಾಗಿ ಪಾಠ ಮಾಡಿದ್ದಿಲ್ಲ.

ಧ್ವನಿ ಪೂರ್ತಿ ಕೇಳಿಸಿಕೊಂಡಿತು. ಆಮೇಲೆ ಬಹಳ ಸೌಜನ್ಯದಿಂದ, ಹಾಗಾದರೆ ಮೃತರು ಇವರ ತಂದೆಯ ಅಣ್ಣನ ಮಗ, ಅಲ್ಲವೆ ಮೇಡಂ ಎಂದು ಕೇಳಿತು. ಹೌದು ಎಂದೆ.

"ಸೋ, ಕಸಿನ್. ಥ್ಯಾಂಕ್ಯೂ ಮೇಡಂ ಫಾರ್ ಕ್ಲಾರಿಫೈಯಿಂಗ್."

ಎಲ್ಲಿಗೆ ಬಂತು ನೋಡಿ. ಹುಡುಗನನ್ನು ಉಳಿಸಲು ಹೋದವಳು ನಾನೇ ಸಾಕ್ಷಿ ಹೇಳಿ ಸಿಕ್ಕಿಸಿಬಿಟ್ಟಿದ್ದೆ. ಇಂಗ್ಲಿಷ್ ಬಾರದ ಯಾರಾದರೂ ಅವನ ಜೊತೆ ಹೋಗಿದ್ದರೆ ಇಷ್ಟು ಸಲೀಸಾಗಿ ಕೇಸು ಮುಗಿಯುತ್ತಿರಲಿಲ್ಲವೇನೋ. ನಾಗೇಶ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಮುಖ ಎಲ್ಲಿಟ್ಟುಕೊಳ್ಳುತ್ತಿದ್ದೆನೋ ಗೊತ್ತಿಲ್ಲ.

ಧ್ವನಿ ವಾಚು ನೋಡಿಕೊಂಡಿರಬೇಕು. ಇನ್ನೊಂದು ಮೀಟಿಂಗ್ ಇದೆ, ಮಿಸ್ಟರ್ ನಾಗೇಶ್ ಆ ಮಾತು ಹೇಳುತ್ತಾರೋ ಇಲ್ಲವೋ ಎಂದಿತು. ನಾಗೇಶ ಕೊರಳಿನ ಪಾಸನ್ನು ಕೈಯಲ್ಲಿ ಹಿಡಿದುಕೊಂಡು ಅದರೊಳಗಿನ ತನ್ನದೇ ಫೋಟೋ ನೋಡುತ್ತಾ ಕೂತಿದ್ದ. ಅದರಲ್ಲಿ ತಲೆತುಂಬ ಕೂದಲಿತ್ತು.

ಪವಿತ್ರಾ ಮೈಕ್ ಮ್ಯೂಟ್ ಮಾಡಿ ಅವನ ಕಡೆ ಬಾಗಿದಳು.

"ಅಣ್ಣಾ, ಒಂದ್ಮಾತು ಹೇಳ್ಬಿಡಿ ಅಣ್ಣಾ. ಪಾಸ್ ಹೋದ್ರೆ ಮತ್ತೆ ಆಗಲ್ಲ. ಮನೇಲಿ ದುಡಿಯೋರು ನೀವೊಬ್ರೇ ಅಲ್ವಾ ಈಗ."

ಅಣ್ಣಾ. ಗುರುತಿಲ್ಲ, ಪರಿಚಯವಿಲ್ಲ, ಊರಿಂದೂರಿಗೆ ಸಂಬಂಧವಿಲ್ಲ. ನಾಗೇಶ ಅವಳಿಗೂ ಅಣ್ಣ. ತನ್ನ ಅಣ್ಣನನ್ನು ಅಣ್ಣ ಅಲ್ಲ ಎನ್ನು ಎಂದು ಅಣ್ಣನಿಗೆ ಹೇಳುತ್ತಿದ್ದಾಳೆ ಹುಡುಗಿ. ಅವಳ ಕಣ್ಣಲ್ಲೂ ನೀರಿತ್ತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಳಿ?

"ಏನಂತೆ ಟೀಚರಮ್ಮ?" ಎಂದು ಪಿಳ್ಳಮ್ಮ ನನ್ನ ಸೆರಗು ಜಗ್ಗಿದರು. "ಏನು ಹೇಳ್ಬೇಕಂತೆ ಇವನು?"

ಎಷ್ಟೋ ಕಷ್ಟದ ಪಾಠಗಳನ್ನು ಕನ್ನಡಕ್ಕೆ ಬಿಡಿಸಿ ಹೇಳಿದ್ದೇನೆ. ಇದನ್ನು ಮಾತ್ರ ನೆಲ ನೋಡಿಕೊಂಡು ಹೇಳಿದೆ. "ಮುನಿರಾಜು ನಮ್ಮಣ್ಣ ಅಲ್ಲ ಅಂತ ಹೇಳ್ಬೇಕಂತೆ ಪಿಳ್ಳಮ್ಮ. ಹೇಳಿದ್ರೆ ಕೆಲಸ ಉಳಿಯುತ್ತಂತೆ."

ಪಿಳ್ಳಮ್ಮ ಅಳುತ್ತಾರೆ ಎಂದುಕೊಂಡೆ. ಬೈಯುತ್ತಾರೆ, ಇಲ್ಲ ಎದ್ದು ಹೊರಟುಬಿಡುತ್ತಾರೆ ಎಂದುಕೊಂಡೆ. ಒಂದೂ ಮಾಡಲಿಲ್ಲ. ಸ್ವಲ್ಪ ಹೊತ್ತು ಆ ಲ್ಯಾಪ್‌ಟಾಪನ್ನೇ ನೋಡಿದರು. ಆಮೇಲೆ ನನ್ನನ್ನು ಕೇಳಿದರು.

"ಕನ್ನಡದಲ್ಲಿ ಹೇಳ್ಬೇಕಾ, ಇಂಗ್ಲೀಷಲ್ಲಾ?"

"ಇಂಗ್ಲೀಷಲ್ಲಿ."

"ಹಂಗಾದ್ರೆ ಹೇಳ್ಬಿಡು ಮಗ," ಎಂದರು ನಾಗೇಶನ ಬೆನ್ನ ಮೇಲೆ ಕೈಯಿಟ್ಟು. "ಅವನಿಗೆ ಇಂಗ್ಲೀಷ್ ಬರ್ತಿರ್ಲಿಲ್ಲ. ಅವನಿಗೆ ತಿಳಿಯಲ್ಲ."

ಇವನ ತಲೆಗೆ ಇಂಗ್ಲೀಷ್ ತುಂಬಿಬಿಡಿ ಮಿಸ್ ಎಂದು ಹಿಂದಿನ ಬೆಂಚಿನಿಂದ ಎದ್ದು ಬರುತ್ತಿದ್ದ ಮುನಿರಾಜು ನನಗೆ ಎದುರಿಗೇ ಕಂಡ. ಇದಕ್ಕೇನಪ್ಪಾ ನಾನು ತುಂಬಿದ್ದು?

ಪವಿತ್ರಾ ಮೈಕ್ ಆನ್ ಮಾಡಿದಳು. ನಾಗೇಶ ಎದ್ದುನಿಂತ. ಸ್ಕೂಲಿನಲ್ಲಿ ಉತ್ತರ ಹೇಳಲು ಎದ್ದುನಿಲ್ಲುತ್ತಿದ್ದ ಹಾಗೆಯೇ.

"ಹಿ ಈಸ್ ನಾಟ್ ಮೈ ಬ್ರದರ್ ಸರ್. ಹಿ ಈಸ್ ಮೈ ಕಸಿನ್."

ಸತ್ತವರಿಗೆ ಈಸ್ ಬರುವುದಿಲ್ಲ. ವಾಸ್ ಬರಬೇಕು. ಅದು ಅವನಿಗೆ ಚೆನ್ನಾಗಿ ಗೊತ್ತು, ಕಲಿಸಿದವಳು ನಾನೇ. ಜೀವನದಲ್ಲಿ ಮೊದಲ ಸಲ ಒಂದು ತಪ್ಪನ್ನು ಕಿವಿಯಾರೆ ಕೇಳಿಯೂ ತಿದ್ದದೆ ಕೂತೆ.

"ಗುಡ್. ಇಶ್ಯೂ ಕ್ಲೋಸ್ಡ್," ಎಂದಿತು ಧ್ವನಿ. ಹಾಗೆಯೇ, "ಸಾರಿ ಫಾರ್ ಯುವರ್ ಲಾಸ್," ಎಂದೂ ಹೇಳಿ ಕಾಲ್ ಕಟ್ ಮಾಡಿತು.

ಅಷ್ಟೇ. ಅಷ್ಟು ಸುಲಭ. ಇಂಥದ್ದನ್ನು ನಮ್ಮ ಊರುಗಳಲ್ಲಿ ಮಾಡಬೇಕಾದರೆ ದಾಯಾದಿಗಳು ಕೋರ್ಟು ಹತ್ತಬೇಕು, ಒಬ್ಬರ ಮನೆಯ ನೀರು ಒಬ್ಬರು ಕುಡಿಯದೆ ಎರಡು ತಲೆಮಾರು ಕಳೆಯಬೇಕು. ಅಷ್ಟಾದ ಮೇಲೂ ಸಾವಿನ ಸುದ್ದಿ ಬಂದರೆ ಎಲ್ಲರೂ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಇಲ್ಲಿ ಎರಡು ಸಣ್ಣ ವಾಕ್ಯದಲ್ಲಿ ಮುಗಿದುಹೋಯಿತು. ಆ ವಾಕ್ಯಗಳಲ್ಲಿ ಒಂದೂ ಕಠಿಣ ಪದವಿರಲಿಲ್ಲ. ಐದನೇ ಕ್ಲಾಸಿನ ಮಕ್ಕಳೂ ಹೇಳಬಹುದು.

ನನಗೆ ಇವತ್ತಿಗೂ ಅದೇ ದಿಗ್ಭ್ರಮೆ. ಯಾರೂ ಕೂಗಾಡಲಿಲ್ಲ. ಯಾರೂ ಅನ್ಯಾಯವಾಗಿ ಮಾತಾಡಲಿಲ್ಲ. ಕುಡಿಯಲು ನೀರು ಕೊಟ್ಟರು, ಕುರ್ಚಿ ಕೊಟ್ಟರು, ಥ್ಯಾಂಕ್ಯೂ ಎಂದರು, ಸಾರಿ ಎಂದರು. ಎಲ್ಲ ಮರ್ಯಾದೆಯ ನಡುವೆ ಒಬ್ಬ ಅಣ್ಣ ಇಲ್ಲವಾದ.

ಹೊರಗೆ ಬಂದು ಬಸ್ಸಿಗೆ ಕಾಯುತ್ತಾ ನಿಂತೆವು. ನೆತ್ತಿಯ ಮೇಲೆ ವಿಮಾನವೊಂದು ಹೊಟ್ಟೆ ತೋರಿಸಿಕೊಂಡು ಇಳಿಯುತ್ತಿತ್ತು. ನಾಗೇಶ ಸ್ವಲ್ಪ ದೂರದಲ್ಲಿ ನಮಗೆ ಬೆನ್ನು ತಿರುಗಿಸಿ ನಿಂತಿದ್ದ. ಬೋಳುತಲೆಯ ಮೇಲೆ ಬಿಸಿಲು ಬೀಳುತ್ತಿತ್ತು. ಪಿಳ್ಳಮ್ಮ ಬ್ಯಾಗಿನಿಂದ ಟವೆಲ್ ತೆಗೆದು, ಹೋಗಿ ಅವನ ತಲೆಯ ಮೇಲೆ ಹೊದಿಸಿ ಬಂದರು. ಅವನು ಬೇಡ ಎನ್ನಲಿಲ್ಲ.

ವಾಪಸ್ಸು ಬಂದು ನನ್ನ ಪಕ್ಕ ಕಲ್ಲಿನ ಮೇಲೆ ಕೂತರು. ಏನೋ ಲೆಕ್ಕ ಹಾಕುತ್ತಿದ್ದ ಹಾಗಿತ್ತು. ಆಮೇಲೆ ಮೆಲ್ಲಗೆ ಕೇಳಿದರು.

"ಟೀಚರಮ್ಮ, ನಂಗೆ ಇನ್ನು ಇವನೊಬ್ನೇ. ನಾಳೆ ನಾನು ಹೋದಾಗ ಇವನೇ ತಾನೆ ಬೆಂಕಿ ಹಿಡೀಬೇಕು. ಆಗ್ಲೂ ರಜ ಕೇಳ್ತಾನೆ, ಆಗ್ಲೂ ಅವರು ಕೇಳ್ತಾರೆ. ಅದಕ್ಕೆ ಈಗ್ಲೇ ತಿಳ್ಕೊಂಡಿರಣ ಅಂತ. ಇಂಗ್ಲೀಷಲ್ಲಿ ನಾನು ಇವನಿಗೆ ಏನಾಗ್ಬೇಕು?"

ಉತ್ತರ ನನಗೆ ಗೊತ್ತಿತ್ತು. ಆ ದಿನ ಬೆಳಗ್ಗೆಯಷ್ಟೇ ತರಕಾರಿ ಗಾಡಿಯ ಹುಡುಗ ನನ್ನನ್ನು ಅದೇ ಪದದಿಂದ ಕೂಗಿ ಮೆಂತ್ಯದ ಸೊಪ್ಪು ಕೊಟ್ಟುಹೋಗಿದ್ದ. ಬಸ್ಸು ಬಂದ ಹಾಗಾಯಿತು ಎಂದು ಎದ್ದುನಿಂತೆ. ಬಸ್ಸು ಬಂದಿರಲಿಲ್ಲ.

ಮಗನಿಗೆ ಮಣ್ಣು ಕೊಟ್ಟು, ಉಳಿದ ಮಗನ ತಲೆಗೆ ಟವೆಲ್ ಹೊದಿಸಿ ಬಂದು ಕೂತ ತಾಯಿಗೆ, ನೀವು ಇವನಿಗೆ ಬರೀ ಆಂಟಿ ಎಂದು ಹೇಳಲು ಯಾವ ಇಂಗ್ಲಿಷ್ ಮಿಸ್ಸಿಗೆ ಬಾಯಿ ಬರುತ್ತದೆ, ನೀವೇ ಹೇಳಿ?